ಕಾಲಾಣೆ ಕಾರ್ಡಿನ ಸಾಕ್ಷಿ

ಊರಿನ ಇತಿಹಾಸ ತಿಳಿಯಬೇಕಾದರೆ ಹಳೆಯ ಚಿತ್ರದ ಅಂಚೆ ಕಾರ್ಡು ಹುಡುಕಿ ಎನ್ನುವುದು ಈಗ ರೂಢಿಯಾಗಿರುವ ಮಾತು. ಬೆಂಗಳೂರು ದಂಡಿನ ಮಟ್ಟಿಗೆ ಅದು ಸರಿಯೇ ಇರಬಹುದು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಅದನ್ನೇ ನಂಬಿ ಕೂತರೆ ಮೋಸಹೋಗುತ್ತೇವೆ. ಚಿತ್ರದ ಕಾರ್ಡು ಅಚ್ಚಾಗುತ್ತಿದ್ದುದು ಕೊಳ್ಳುವವರ ರುಚಿಗೆ. ಆ ಕಾಲಕ್ಕೆ ಕೊಳ್ಳುವವರು ಹೆಚ್ಚಾಗಿ ದೊರೆಗಳು, ಪ್ರವಾಸಿಗಳು. ಅವರಿಗೆ ಬೇಕಾದದ್ದು ಕಬ್ಬನ್ ಪಾರ್ಕು, ಲಾಲ್‌ಬಾಗಿನ ಗಾಜಿನ ಮನೆ, ನಂದಿಬೆಟ್ಟದ ತಂಪು. ದೇವನಹಳ್ಳಿ ಎಂದರೆ ಟಿಪ್ಪು ಹುಟ್ಟಿದ, 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಹಿಡಿದ ಕೋಟೆ, ಅಷ್ಟೇ. ಆ ಕೋಟೆಯೊಳಗೆ ಇಂದಿಗೂ ಜನ ಸಂಸಾರ ಹೂಡಿಕೊಂಡಿದ್ದಾರೆ; ಹೊರಗೋಡೆಯ ಚಿತ್ರಕ್ಕೆ ಅದು ಗೊತ್ತಿಲ್ಲ.

ಇತಿಹಾಸವಿರುವುದು ಚಿತ್ರವಿಲ್ಲದ ಕಾರ್ಡಿನಲ್ಲಿ. 1879ರ ಜುಲೈ 1ರಂದು ಬಂದ ಕಾಲಾಣೆ ಕಾರ್ಡು ಬಡವರ ಕೈಗೂ ಎಟುಕಿತು. ಅದರ ವಿಳಾಸ ಓದಿ: ಬೀದಿಯ ಹೆಸರಿಲ್ಲ, ಮನೆ ನಂಬರಿಲ್ಲ, ಇಂಥವರ ಮಂಡಿ, ಇಂಥವರ ಮಗ್ಗದ ಮನೆ, ಕೇರಾಫ್ ಇಂಥ ಅಂಗಡಿ. ಊರಲ್ಲಿ ಯಾರ ಹೆಸರು ನಡೆಯುತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಸಂಗ್ರಾಹಕರು ಅಂಚೆಮುದ್ರೆಯ ಆಸೆಗೆ ಅದನ್ನೇ ಕತ್ತರಿಸಿಟ್ಟುಕೊಂಡು ಉಳಿದದ್ದನ್ನು ರದ್ದಿಗೆ ಹಾಕುತ್ತಾರೆ.

ಹಾಗೆಂದು ಕಾಲಾಣೆ ಕಾರ್ಡನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 'ಕ್ಷೇಮ, ಉಭಯ ಕುಶಲೋಪರಿ' ಎಂದು ಶುರುವಾಗುವ ಎಷ್ಟೋ ಕಾರ್ಡುಗಳ ಅಕ್ಷರ ಕಳಿಸಿದವರದಲ್ಲ, ಬರೆದುಕೊಟ್ಟ ಮೇಷ್ಟರದು. ಸಾವಿನ ಕಾಗದವನ್ನಂತೂ ಓದಿದ ಕೂಡಲೇ ಹರಿದು ಹಾಕುವುದು ಪದ್ಧತಿ, ಮನೆಯೊಳಗೆ ಇಡುವುದಿಲ್ಲ. ಹೀಗಾಗಿ ಉಳಿದ ಕಟ್ಟುಗಳಲ್ಲಿ ಮದುವೆ ಹೆಚ್ಚು, ಮರಣ ಕಡಿಮೆ. ಪ್ಲೇಗು, ಇನ್‌ಫ್ಲುಯೆಂಜಾಗಳ ವರ್ಷಗಳನ್ನು ಈ ಕಟ್ಟುಗಳಿಂದ ಅಳೆಯಹೊರಟವರು ಎಡವುತ್ತಾರೆ.

ಲಗ್ನಪತ್ರಿಕೆಯ ಕಥೆ ಬೇರೆ. ಮೂಲೆಗೆ ಅರಿಸಿನ ಹಚ್ಚಿದ ಆ ಹಾಳೆಯಲ್ಲಿ ಹೆಣ್ಣಿನ ಊರು, ಗಂಡಿನ ಊರು, ಛತ್ರ, ಅಡಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚುಕೂಟದ ಹೆಸರು. ದೊಡ್ಡಬಳ್ಳಾಪುರದ ರೈಲು ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಹೋಗುತ್ತದೆ. ನಂಟಸ್ತಿಕೆ ಎಷ್ಟರಮಟ್ಟಿಗೆ ಆ ಹಾದಿ ಹಿಡಿಯಿತು ಎಂದು ಕೇಳಬೇಕಾದದ್ದು ಈ ಪತ್ರಿಕೆಗಳನ್ನು. ಬೆಂಗಳೂರು ಗ್ರಾಮಾಂತರ ಜಿಲ್ಲೆಯಾದದ್ದು 1986ರಲ್ಲಿ. ಬೀಗತನ ಅದರ ಗಡಿ ನೋಡಿ ಬೆಳೆದದ್ದಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ರಸೀದಿಯೊಂದು ಸಿಕ್ಕಿದರಂತೂ ಹಬ್ಬ: ರಾಸಿನ ಬಣ್ಣ, ಎರಡು ಹಲ್ಲೋ ಬಾಯಿಗೂಡಿದ್ದೋ, ಬೆಲೆ, ಕೊಂಡವನ ಊರು. ಕೃಷಿಯ ಚರಿತ್ರೆಗೆ ಅದರ ಮುಂದೆ ನಂದಿಬೆಟ್ಟದ ಹತ್ತು ಚಿತ್ರಗಳು ಸಾಟಿಯಲ್ಲ.

ನನ್ನ ತಕರಾರು ಹಳೆಯದರ ಬಗ್ಗೆ ಮಾತ್ರವಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ವರ್ಷಗಟ್ಟಲೆ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಆ ಹೋರಾಟದ ಕರಪತ್ರಗಳನ್ನು, ಸರ್ವೆ ನಂಬರು, ಖಾತೆದಾರರ ಹೆಸರು ಹೊತ್ತ ನೋಟಿಸುಗಳನ್ನು ಕೂಡಿಡದೆ, ಲಾಲ್‌ಬಾಗಿನ ಚಿತ್ರಕ್ಕೆ ಸಾವಿರಾರು ರೂಪಾಯಿ ಕೊಡುವುದನ್ನು ಇತಿಹಾಸಪ್ರಜ್ಞೆ ಎನ್ನಲು ನಾನು ಒಪ್ಪುವುದಿಲ್ಲ.