ಒನ್ ಕ್ಲಬ್ಬಿನ ಬಲ ಇರುವುದು ಒನ್ ಸ್ಪೇಡಿನಲ್ಲಿ

ಬ್ರಿಡ್ಜಿನಲ್ಲಿ ಪಾರ್ಟ್ನರ್ ಬಲದ ಕೈ ಹಿಡಿದು ಒನ್ ಕ್ಲಬ್ ಕೂಗಿದಾಗ ಮೊದಲು ಏನು ತಿಳಿಸಬೇಕು, ಎಕ್ಕ-ರಾಜರ ಲೆಕ್ಕವನ್ನೋ ಉದ್ದದ ಸೂಟನ್ನೋ? ಇದನ್ನು ಈ ವಾರ ಇತ್ಯರ್ಥ ಮಾಡೋಣ ಎಂದು ಮಾತು ಕೊಟ್ಟಿದ್ದೆ. ಬ್ಲೂ ಕ್ಲಬ್ ಪದ್ಧತಿಯಲ್ಲಿ ಎಕ್ಕಕ್ಕೆ 2, ರಾಜನಿಗೆ 1 ಎಂದು ಕಂಟ್ರೋಲ್ ಎಣಿಸುತ್ತಾರೆ: ಒನ್ ಸ್ಪೇಡ್ ಅಂದರೆ 3, ಒನ್ ನೋಟ್ರಂಪ್ ಅಂದರೆ 4. ಪ್ರಿಸಿಷನ್ ಪದ್ಧತಿಯಲ್ಲಿ 8 ಪಾಯಿಂಟ್, 5 ಎಲೆ ಇದ್ದರೆ ಆ ಸೂಟನ್ನೇ ಹೇಳುತ್ತಾರೆ. ನನ್ನ ಮತ ಸೂಟಿಗೆ. ಎದುರಾಳಿ ಥ್ರೀ ಡೈಮಂಡ್ ಎಂದು ನಡುವೆ ನುಗ್ಗಿದರೆ, ಕಂಟ್ರೋಲ್ ಮೂರಿದೆ ಎಂದು ಗೊತ್ತಿದ್ದೂ ತುರುಫು ಯಾವುದೆಂದು ಗೊತ್ತಿಲ್ಲದೆ ಒದ್ದಾಡಬೇಕು. ಹಾರ್ಟ್ ಐದಿದೆ ಎಂದು ಮೊದಲೇ ತಿಳಿದಿದ್ದರೆ ಆ ಫಜೀತಿ ಇಲ್ಲ.

ಆದರೆ ಈ ಜಗಳದಲ್ಲೇ ನಾವು ಮುಖ್ಯವಾದದ್ದನ್ನು ಮರೆಯುತ್ತಿದ್ದೇವೆ. 100 ಕೈಗಳಲ್ಲಿ ಪ್ರಿಸಿಷನ್ನಿನ ಒನ್ ಕ್ಲಬ್ಬಿಗೆ ಬೇಕಾದ 16 ಪಾಯಿಂಟಿನವು, ಅದಕ್ಕೂ ಮೇಲಿನವು ಎಲ್ಲ ಸೇರಿ ಹತ್ತೂ ತುಂಬುವುದಿಲ್ಲ. ಬೇರೆ ಕೂಗುಗಳಿಂದ ಶುರುವಾಗುವ 11ರಿಂದ 15ರವರೆಗಿನವು 34. ಸ್ಟ್ರಾಂಗ್ ಕ್ಲಬ್ ಪದ್ಧತಿ ಕಟ್ಟಲು ಕೂತವರು ನೋಟ್‌ಬುಕ್ಕಿನ ಮುಕ್ಕಾಲು ಪಾಲನ್ನು ಆ ಹತ್ತಕ್ಕೇ ಬಳಿದುಬಿಡುತ್ತಾರೆ.

ಈ ಚಟ ರಿಲೇ ಪಂಥದವರಲ್ಲಿ ಅತಿಯಾಗಿದೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಸಿಮೆಟ್ರಿಕ್ ರಿಲೇಯ ಗಣಿತ ಸೊಗಸಾದದ್ದೇ. 13 ಎಲೆ ನಾಲ್ಕು ಸೂಟಿನಲ್ಲಿ ಹಂಚಿಹೋಗುವ ಬಗೆ 560. ಒಬ್ಬ ಮುಂದಿನ ಮೆಟ್ಟಿಲಿನ ಕೂಗಿನಿಂದ ಕೇಳುತ್ತಾ ಹೋಗುತ್ತಾನೆ, ಇನ್ನೊಬ್ಬ ತನ್ನ ಕೈಯ ಆಕಾರವನ್ನು ಕರಾರುವಾಕ್ಕಾಗಿ ಒಪ್ಪಿಸುತ್ತಾನೆ. ಎದುರಾಳಿಗಳು ಸುಮ್ಮನಿದ್ದರೆ ಮಾತ್ರ. ಒನ್ ಕ್ಲಬ್ ಎಂದ ಕೂಡಲೇ ಟೂ ಸ್ಪೇಡ್ ಎಂದು ಹಾರುವವರು ಇಂದು ಪ್ರತಿ ಟೇಬಲ್ಲಿನಲ್ಲೂ ಇದ್ದಾರೆ.

ಸ್ಟ್ರಾಂಗ್ ಕ್ಲಬ್ಬಿನ ಮೂಲ ಇಷ್ಟು ಜಟಿಲವಾಗಿರಲಿಲ್ಲ. ಹ್ಯಾರಲ್ಡ್ ವಾಂಡರ್‌ಬಿಲ್ಟ್ 1925ರಲ್ಲಿ ಫಿನ್‌ಲ್ಯಾಂಡ್ ಎಂಬ ಹಡಗಿನಲ್ಲಿ ಇಂದಿನ ಕಾಂಟ್ರಾಕ್ಟ್ ಬ್ರಿಡ್ಜಿನ ಅಂಕಗಳ ಲೆಕ್ಕವನ್ನು ಆಡಿ ನೋಡಿದ. 1929ರ ಅವನ ಪುಸ್ತಕದಲ್ಲೇ ಕ್ಲಬ್ ಕೂಗು ಬಲದ ಕೈಗೆ, ಒನ್ ಡೈಮಂಡ್ ಉತ್ತರ 'ನನ್ನಲ್ಲಿ ಏನೂ ಇಲ್ಲ' ಎನ್ನುವುದಕ್ಕೆ ಮೀಸಲು. ನ್ಯೂಯಾರ್ಕಿನಲ್ಲಿ ಹಡಗು ವ್ಯಾಪಾರ ಮಾಡುತ್ತಿದ್ದ ಸಿ. ಸಿ. ವೇ ಅದೇ ಎಳೆ ಹಿಡಿದು ಪ್ರಿಸಿಷನ್ ಕಟ್ಟಿದರು. ಅದನ್ನು ಆಡಿದ ತೈವಾನ್ ತಂಡ 1969ರ ಬರ್ಮುಡಾ ಬೌಲ್‌ನಲ್ಲಿ ಫೈನಲ್ ಮುಟ್ಟಿ ಇಟಲಿಗೆ ಸೋತಿತು. ಗೆದ್ದ ಇಟಲಿಯ ಬ್ಲೂ ಟೀಮ್ 1972ರಲ್ಲಿ ಒಲಿಂಪಿಯಾಡ್ ಆಡಲು ಬಂದಾಗ ಆಡಿದ್ದು ಪ್ರಿಸಿಷನ್ನನ್ನೇ, ಅದರಲ್ಲೇ ಗೆದ್ದಿತು ಕೂಡ. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಪ್ರಿಸಿಷನ್ನಿನ ಗುಟ್ಟು ಒನ್ ಸ್ಪೇಡ್ ಕೂಗಿನಲ್ಲಿದೆ. ಸ್ಪೇಡ್ ಐದು, ಪಾಯಿಂಟ್ 11ರಿಂದ 15; 16 ಇದ್ದರೆ ಒನ್ ಕ್ಲಬ್ ಎನ್ನುತ್ತಿದ್ದ, ಹಾಗಾಗಿ ಮೇಲೆ ಮುಚ್ಚಳ ಬಿದ್ದಿದೆ. ಪಾರ್ಟ್ನರ್ ಹಾಗೆ ಕೂಗಿದ್ದಾನೆ, ನಿಮ್ಮ ಕೈಯಲ್ಲಿ ಸ್ಪೇಡ್ ರಾಜ, 10, 7, 4. ಹಾರ್ಟ್ 3 ಒಂಟಿ. ಡೈಮಂಡ್ ರಾಣಿ, 9, 8, 6, 2. ಕ್ಲಬ್ 8, 5, 3. ಬರೀ 5 ಪಾಯಿಂಟ್. ಫೋರ್ ಸ್ಪೇಡ್ ಎನ್ನಿ. ಇನ್ನೊಮ್ಮೆ ಸ್ಪೇಡ್ ರಾಜ, ಗುಲಾಮ, 7, 4. ಹಾರ್ಟ್ ಎಕ್ಕ, 3. ಡೈಮಂಡ್ ರಾಣಿ, ಗುಲಾಮ, 6, 2. ಕ್ಲಬ್ 8, 5, 3 ಬಂದಿದೆ, 11 ಪಾಯಿಂಟ್. ಆಗಲೂ ಫೋರ್ ಸ್ಪೇಡ್ ಎನ್ನಿ. ಎರಡೂ ಕಡೆ ಸೇರಿ 26 ಮೀರುವಂತಿಲ್ಲ, ಸ್ಲ್ಯಾಮಿನ ಯೋಚನೆ ಬೇಡ. ಸಹಜ ಪದ್ಧತಿಯಲ್ಲಿ ಒನ್ ಸ್ಪೇಡ್ ಎಂದವನ ಬಳಿ 20 ಇರಬಹುದು. ಹಾಗಾಗಿ 11ರ ಕೈ ನಿಧಾನವಾಗಿ ಏರಬೇಕು, ನೇರ ಹಾರಿದ್ದು ಬಡ ಕೈಯೆಂದು ಎದುರಾಳಿಗೆ ಗೊತ್ತಾಗಿಬಿಡುತ್ತದೆ. ನಮ್ಮ ಟೇಬಲ್ಲಿನಲ್ಲಿ ಅವನಿಗೆ ಡಬಲ್ ಹೇಳಬೇಕೋ, ಫೈವ್ ಹಾರ್ಟ್ ಹೇಳಬೇಕೋ, ಪಾಸ್ ಹೇಳಬೇಕೋ ತಿಳಿಯುವುದಿಲ್ಲ.

ಇದಕ್ಕೆ ಬೆಲೆಯೂ ಇದೆ. ಒನ್ ಕ್ಲಬ್ ಬಲದ ಕೈಗೆ ಮೀಸಲಾದ್ದರಿಂದ ಕ್ಲಬ್ ಉದ್ದವಿದ್ದರೆ ಟೂ ಕ್ಲಬ್‌ನಿಂದಲೇ ಶುರು. ಡೈಮಂಡ್ ಒಂದೇ ಇದ್ದು ಉಳಿದ ಮೂರರಲ್ಲಿ ನಾಲ್ಕು ನಾಲ್ಕು ಇರುವ ಅಪರೂಪದ ಕೈಗೆ ಟೂ ಡೈಮಂಡನ್ನು ಎತ್ತಿಡಬೇಕು. ಒನ್ ಡೈಮಂಡಿನಲ್ಲಿ ಎರಡೇ ಎಲೆ ಇರಬಹುದು. ಈ ಮನೆಯ ಸೋರುವ ಹೆಂಚು ಅದು.

ಆದ್ದರಿಂದ ಹೊಸದಾಗಿ ಪದ್ಧತಿ ಕಟ್ಟುವವರಿಗೆ ನನ್ನ ಕೋರಿಕೆ: ಒನ್ ಸ್ಪೇಡ್, ಒನ್ ಹಾರ್ಟ್ ಪುಟಗಳನ್ನು ಮೊದಲು ಬರೆಯಿರಿ, ಆಮೇಲೆ ಒನ್ ಡೈಮಂಡಿಗೆ ಹೆಚ್ಚು ಸಂಜೆಗಳನ್ನು ಕೊಡಿ. ಒನ್ ಕ್ಲಬ್ಬಿನ ಪುಟ ಕೊನೆಗಿರಲಿ. ಅದರಲ್ಲೂ ಮೊದಲ ಸಾಲು ಎದುರಾಳಿ ನುಗ್ಗಿದಾಗಿನದು: 0–4 ಇದ್ದರೆ ಪಾಸ್, 5–7 ಇದ್ದರೆ ಡಬಲ್, 8 ದಾಟಿದ್ದು ಐದೆಲೆಯ ಸೂಟ್ ಇದ್ದರೆ ಆ ಸೂಟ್. ಈ ಸಾಲು ಇಬ್ಬರಿಗೂ ಬಾಯಿಪಾಠವಾದ ಮೇಲೆ ರಿಲೇ ಬೇಕೋ ಬೇಡವೋ ನೋಡೋಣ. ಮುಂದಿನ ವಾರ ಆ ಸೋರುವ ಹೆಂಚಿಗೆ ಕೈಹಾಕುತ್ತೇನೆ.