ಶರಪಂಜರದ ನೆರೆಹೊರೆಯವರು

ನಮ್ಮ ವಯಸ್ಸಿನ ಕನ್ನಡಿಗರಲ್ಲಿ 'ಶರಪಂಜರ' ನೋಡದವರು ಕಡಿಮೆ. ಊರಿನ ಟಾಕೀಸಿನಲ್ಲಿ ನೋಡಿದವರಿದ್ದಾರೆ, ಅಮೆರಿಕಕ್ಕೆ ಬಂದ ಹೊಸತರಲ್ಲಿ ಕೈಯಿಂದ ಕೈಗೆ ದಾಟಿ ಸವೆದುಹೋದ ವೀಡಿಯೋ ಕ್ಯಾಸೆಟ್ಟಿನಲ್ಲಿ ನೋಡಿದವರೂ ಇದ್ದಾರೆ. ಈಗಲೂ ಕೂಟದ ಊಟದ ಹೊತ್ತಿನಲ್ಲಿ ಕಲ್ಪನಾ ಅವರ ಅಭಿನಯದ ಮಾತು ಬಂದರೆ ತಟ್ಟೆಯ ಅನ್ನ ಆರಿಹೋಗುತ್ತದೆ. ಆದರೆ ನಾವು ಮಾತಾಡುವುದೆಲ್ಲ ಕಾವೇರಿಯ ಬಗ್ಗೆ. ಅವಳ ಸುತ್ತ ಇದ್ದ ಜನರ ವಿಷಯ ಯಾರೂ ಎತ್ತುವುದಿಲ್ಲ. ಕಥೆಯ ಜೀವ ಇರುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ.

ಮೂಲ ಕಾದಂಬರಿ ತ್ರಿವೇಣಿಯವರದು. ಅವರ ನಿಜನಾಮ ಅನಸೂಯಾ ಶಂಕರ್ (1928–1963). ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ ಇವರು 35 ತುಂಬುವ ಮೊದಲೇ ತೀರಿಕೊಂಡರು. ದೆವ್ವ, ಮಾಟ, ಹಣೆಬರಹ ಎಂದು ಮನೆಗಳಲ್ಲಿ ಮುಚ್ಚಿಡುತ್ತಿದ್ದ ಸಂಕಟಗಳನ್ನು ಕಾಯಿಲೆ ಎಂದು ಕರೆದು, ಮಧ್ಯಾಹ್ನ ಕೆಲಸ ಮುಗಿಸಿ ಕಾದಂಬರಿ ಹಿಡಿಯುತ್ತಿದ್ದ ಗೃಹಿಣಿಯರಿಗೆ ಅರ್ಥವಾಗುವಂತೆ ಬರೆದದ್ದು ಸಣ್ಣ ಸಾಧನೆಯಲ್ಲ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಎರಡನೆಯ ಹೆರಿಗೆಯ ನಂತರ ಕಾವೇರಿಯ ಮನಸ್ಸಿನ ಸ್ಥಿಮಿತ ತಪ್ಪುತ್ತದೆ. ಆಸ್ಪತ್ರೆಗೆ ಸೇರಿ, ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಮಾಮೂಲಿ ಕಥೆಯಾಗಿದ್ದರೆ ಇಲ್ಲಿಗೆ ಶುಭಂ. ತ್ರಿವೇಣಿಯವರ ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ. ಮನೆಗೆ ಬಂದವಳು ಅದೇ ಕಾವೇರಿ, ನೋಡುವ ಕಣ್ಣುಗಳು ಮಾತ್ರ ಬೇರೆ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಕೋಪ ಮಾಡಿಕೊಳ್ಳುವ ಹಕ್ಕನ್ನೂ ಅವಳು ಕಳೆದುಕೊಂಡಿದ್ದಾಳೆ. ಗಂಡ ಸತೀಶ ದೂರವಾಗಿ ಇನ್ನೊಬ್ಬಳ ಕಡೆ ತಿರುಗುತ್ತಾನೆ. ಕೊನೆಗೆ ಕಾವೇರಿಗೆ ಮತ್ತೆ ಆಸ್ಪತ್ರೆಯೇ ಗತಿ. ಬಾಣಗಳ ಪಂಜರ ಎಂಬ ಹೆಸರು ಎಷ್ಟು ಸರಿ! ಒಂದೊಂದು ಬಾಣವೂ ಒಬ್ಬೊಬ್ಬರ ನೋಟ. ಯಾರೂ ಕೊಲ್ಲಬೇಕೆಂದು ಬಿಟ್ಟದ್ದಲ್ಲ.

ಪುಟ್ಟಣ್ಣ ಕಣಗಾಲರ ಚಿತ್ರ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದಕ್ಕೆ ಅದು ಯೋಗ್ಯವೇ. ಆದರೂ ಎರಡು ತಕರಾರುಗಳನ್ನು ಹೇಳಬೇಕು. ಮೊದಲನೆಯದು, ಚಿತ್ರ ಕಾಯಿಲೆಯ ಬೇರನ್ನು ಕಾವೇರಿಯ ಮದುವೆಗೆ ಮುಂಚಿನ ಬದುಕಿನಲ್ಲಿ ಹುಡುಕುತ್ತದೆ. ಪ್ರೇಕ್ಷಕರಿಗೆ, ಯಾವುದೋ ತಪ್ಪಿನ ಫಲ ಇದು ಎಂದುಕೊಳ್ಳಲು ದಾರಿಯಾಗುತ್ತದೆ. ಬಾಣಂತನದಲ್ಲಿ ಹೀಗೆ ವಾಸ್ತವದ ಹಿಡಿತವೇ ತಪ್ಪುವ ಕಾಯಿಲೆ ಸುಮಾರು 1000 ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ. ತಡಮಾಡದೆ ಚಿಕಿತ್ಸೆ ಕೊಟ್ಟರೆ ಹೆಚ್ಚಿನವರು ಗುಣವಾಗುತ್ತಾರೆ. ಅದಕ್ಕೂ ಶೀಲಕ್ಕೂ ಸಂಬಂಧವಿಲ್ಲ. ಎರಡನೆಯದು, ಕಲ್ಪನಾ ಅವರ ಅಭಿನಯ ಎಷ್ಟು ಜೋರಾಗಿದೆಯೆಂದರೆ ಜನರ ನೆನಪಿನಲ್ಲಿ ಉಳಿದದ್ದು ಕಣ್ಣರಳಿಸಿದ, ಕೂದಲು ಕೆದರಿದ ಕಾವೇರಿ. ಗುಣವಾಗಿ ಬಂದು, ಯಾರಾದರೂ ಮಾತಾಡಿಸಲಿ ಎಂದು ಕಾದ ಕಾವೇರಿ ಹಿಂದೆ ಸರಿದಳು. ಮಿಮಿಕ್ರಿ ಮಾಡುವವರಿಗೂ ಮೊದಲನೆಯವಳೇ ಬೇಕು.

ಇನ್ನೊಂದು ವಿಷಯ. ಕಥೆಯಲ್ಲಿ ಡಾಕ್ಟರು ಕಾವೇರಿಯನ್ನು ಗುಣಪಡಿಸುತ್ತಾರೆ, ಮನೆಯನ್ನು ಗುಣಪಡಿಸುವ ಹೊಣೆ ಯಾರಿಗೂ ಸೇರುವುದಿಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನೂ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಉಳಿಸಿಕೊಂಡು, ಕಾಯಿಲೆ ಏನು, ಮನೆಗೆ ಹೋದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂದು ತಿಳಿಸುತ್ತಿದ್ದರು. ಸತೀಶನಿಗೆ ಅಂಥದೊಂದು ಡೇರೆ ಸಿಕ್ಕಿದ್ದರೆ ಕಥೆಯ ಕೊನೆ ಬೇರೆಯಾಗುತ್ತಿತ್ತೋ ಏನೋ.

ಈಗ ನಮ್ಮ ಕಡೆಗೆ ನೋಡೋಣ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಒಬ್ಬರು ಕಾಲೇಜಿನಲ್ಲಿ ಖಿನ್ನತೆಯಿಂದ ಕುಸಿದು, ಸೆಮಿಸ್ಟರಿನ ಮಧ್ಯದಲ್ಲಿ ಮನೆಗೆ ಬರುತ್ತಾರೆ. ಕೇಳಿದವರಿಗೆ ಮನೆಯವರು "ಮೋನೋ ಬಂದಿತ್ತು" ಎನ್ನುತ್ತಾರೆ. ಜ್ವರಕ್ಕೆ ಮರ್ಯಾದೆ ಇದೆ, ಮನಸ್ಸಿಗೆ ಇಲ್ಲ. ನಾವೂ ಎದುರಿಗೆ "ಓಹೋ" ಎಂದು, ಕಾರು ಹತ್ತಿದ ಮೇಲೆ "ಪಾಪ, ಏನೋ ಸ್ವಲ್ಪ ಹಾಗಂತೆ" ಎನ್ನುತ್ತೇವೆ. ಆ 'ಹಾಗಂತೆ' ಇದೆಯಲ್ಲ, ಅದೇ ಬಾಣ. ಮುಂದಿನ ವರ್ಷ ಆ ಹುಡುಗಿ ಪರೀಕ್ಷೆಗೆ ಮುಂಚೆ ಸ್ವಲ್ಪ ಸಪ್ಪಗಿದ್ದರೂ ಸಾಕು, ಎಲ್ಲರ ಕಣ್ಣೂ ಅವಳ ಮೇಲೆ.

ಇಲ್ಲಿನ ಕಾಲೇಜುಗಳಲ್ಲಿ ಕೌನ್ಸೆಲಿಂಗ್ ಕೇಂದ್ರಗಳಿರುತ್ತವೆ. 18 ತುಂಬಿದ ವಿದ್ಯಾರ್ಥಿ ಅಲ್ಲಿ ಹೇಳಿಕೊಂಡದ್ದನ್ನು, ಪ್ರಾಣಾಪಾಯದಂಥ ಸಂದರ್ಭ ಬಿಟ್ಟರೆ, ಅವರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ತಂದೆತಾಯಿಗೂ ತಿಳಿಸುವುದಿಲ್ಲ. "ಫೀಸು ಕಟ್ಟುವವರು ನಾವು, ನಮಗೇ ಹೇಳುವುದಿಲ್ಲವೇ?" ಎಂದು ನಮ್ಮಲ್ಲಿ ಹಲವರಿಗೆ ಸಿಟ್ಟು. ಸಿಟ್ಟು ಸಹಜ. ಆದರೆ ಮಗು ಒಬ್ಬ ಅಪರಿಚಿತರ ಮುಂದೆ ಬಾಯಿ ಬಿಡುವುದು ಆ ಗುಟ್ಟಿನ ಭರವಸೆಯಿಂದಲೇ. ಮನೆಯಲ್ಲೂ ಅದೇ ಭರವಸೆ ಸಿಕ್ಕರೆ, ಅಪ್ಪ ಅಮ್ಮನಿಗೆ ಹೇಳಲು ಯಾವ ಕಾನೂನೂ ಅಡ್ಡಬರುವುದಿಲ್ಲ. ತೀರ ಕಷ್ಟದ ಗಳಿಗೆಗೆ 2022ರ ಜುಲೈಯಿಂದ ಇಡೀ ಅಮೆರಿಕದಲ್ಲಿ 988 ಎಂಬ ನಂಬರಿದೆ. ಹಗಲುರಾತ್ರಿ ಕರೆ ಮಾಡಬಹುದು, ಟೆಕ್ಸ್ಟ್ ಕೂಡ ಮಾಡಬಹುದು. ಮಕ್ಕಳಿಗೆ ಗೊತ್ತಿರುತ್ತದೆ, ದೊಡ್ಡವರೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಂಬರು, ಡಾಕ್ಟರು, ಮಾತ್ರೆ ಎಲ್ಲವೂ ಬೇಕು. ಅಷ್ಟು ಇದ್ದರೂ ಸಾಲದು ಎಂಬುದನ್ನು ಮೈಸೂರಿನ ಒಬ್ಬ ಲೇಖಕಿ ಅರವತ್ತು ವರ್ಷಗಳಿಗೂ ಹಿಂದೆ ಕಂಡುಕೊಂಡಿದ್ದರು. 'ಶರಪಂಜರ'ವನ್ನು ಇನ್ನೊಮ್ಮೆ ನೋಡುವವರು ಈ ಸಲ ಕಾವೇರಿಗಾಗಿ ಅಳುವುದನ್ನು ಸ್ವಲ್ಪ ತಡೆದು, ಪಕ್ಕದ ಮನೆಯವರ ಮುಖಗಳನ್ನು ನೋಡಬೇಕೆಂದು ವಿನಂತಿ. ಆಮೇಲೆ, ರಜೆ ಹಾಕಿ ಮನೆಯಲ್ಲಿರುವ ಹುಡುಗನೋ ಹುಡುಗಿಯೋ ಕಂಡರೆ "ಏನಾಗಿತ್ತು?" ಎಂದು ಕೆದಕುವ ಬದಲು, "ಶನಿವಾರ ನಮ್ಮ ಮನೆಗೆ ಬಾ, ಬಿಸಿಬೇಳೆಬಾತ್ ಮಾಡ್ತೀನಿ" ಎಂದರೆ ಸಾಕು.