ಕ್ಯಾಮೆರಾಗಿಂತ ಕರ್ವ್ ಮುಖ್ಯ

ಫ್ಲೈಟ್ ಸಿಮ್ಯುಲೇಟರ್ ಆಡುವವರಲ್ಲಿ ಹೆಡ್ ಟ್ರ್ಯಾಕಿಂಗ್, ಅಂದರೆ ತಲೆ ತಿರುಗಿದಂತೆ ಆಟದೊಳಗಿನ ನೋಟವೂ ತಿರುಗುವ ವ್ಯವಸ್ಥೆಯ ಮಾತು ಬಂದರೆ ತೀರ್ಪು ಮೊದಲೇ ಸಿದ್ಧ: ಟ್ರ್ಯಾಕ್‌ಐಆರ್ 5 ಕೊಳ್ಳಿ, ವೆಬ್‌ಕ್ಯಾಮ್ ಬರೀ ಆಟಿಕೆ. ಸೆಕೆಂಡಿಗೆ 120 ಫ್ರೇಮ್ ಹಿಡಿಯುವ ಆ ಇನ್‌ಫ್ರಾರೆಡ್ ಕ್ಯಾಮೆರಾದ ಬಗ್ಗೆ ನನಗೆ ಗೌರವವಿದೆ. ಆದರೆ ಈ ತೀರ್ಪು ಸೆನ್ಸರನ್ನಷ್ಟೇ ಅಳೆಯುತ್ತದೆ. ನೋಟವನ್ನು ನಿಜಕ್ಕೂ ರೂಪಿಸುವ ಮ್ಯಾಪಿಂಗನ್ನು, ಅಂದರೆ ತಲೆ ಇಷ್ಟು ತಿರುಗಿದರೆ ನೋಟ ಎಷ್ಟು ತಿರುಗಬೇಕೆಂದು ಹೇಳುವ ಕರ್ವನ್ನು, ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ತಕರಾರು ಇದು.

ಸೆಸ್ನಾ 172ರಲ್ಲಿ ಎಡಕ್ಕೆ ತಿರುಗುವ ಸರ್ಕ್ಯೂಟ್ ಹಾರುತ್ತಿದ್ದೀರಿ ಎನ್ನಿ. ರನ್‌ವೇಗೆ ಸಮಾನಾಂತರವಾದ ಡೌನ್‌ವಿಂಡ್‌ನಿಂದ ಅದಕ್ಕೆ ಅಡ್ಡಲಾದ ಬೇಸ್‌ಗೆ ಹೊರಳುವ ಹೊತ್ತಿಗೆ ರನ್‌ವೇ ತುದಿ ಎಡ ರೆಕ್ಕೆಗಿಂತ ಸುಮಾರು 45 ಡಿಗ್ರಿ ಹಿಂದಿರುತ್ತದೆ. ಅಂದರೆ ನೋಟ ವಿಮಾನದ ಮೂತಿಯಿಂದ 135 ಡಿಗ್ರಿ ತಿರುಗಬೇಕು. ಕಣ್ಣು ಪರದೆ ಬಿಡುವಂತಿಲ್ಲವಾದ್ದರಿಂದ ತಲೆ ಆರಾಮವಾಗಿ ತಿರುಗುವುದು 30 ಡಿಗ್ರಿಯಷ್ಟೇ ಎಂದುಕೊಂಡರೆ, ಸಾಫ್ಟ್‌ವೇರ್ ಅದನ್ನು ನಾಲ್ಕೂವರೆ ಪಟ್ಟು ಹಿಗ್ಗಿಸಬೇಕು. ಉದ್ದಕ್ಕೂ ಒಂದೇ ಸಮ ಹಿಗ್ಗಿಸಿದರೆ ತಲೆಯ ಸಣ್ಣ ಅಲುಗಾಟಕ್ಕೂ ಆಲ್ಟಿಮೀಟರ್ ಓದಲಾಗದಂತೆ ನಡುಗುತ್ತದೆ. ನಡುವೆ ಚಪ್ಪಟೆಯಾಗಿದ್ದು ಅಂಚಿನತ್ತ ಕಡಿದಾಗುವ ಕರ್ವ್ ಹಾಕಿ: ಎದುರಿನ ಮೀಟರುಗಳೂ ಅಲುಗದೆ ನಿಲ್ಲುತ್ತವೆ, ಭುಜದಾಚೆಯ ರನ್‌ವೇಯೂ ಸಿಗುತ್ತದೆ. ಉಚಿತವಾಗಿ ಸಿಗುವ ಓಪನ್‌ಟ್ರ್ಯಾಕ್‌ನಲ್ಲಿ ಈ ಕರ್ವ್ ಇದೆ. ಬರಿಯ ವೆಬ್‌ಕ್ಯಾಮ್‌ನಿಂದಲೇ ಮುಖವನ್ನು ಹಿಂಬಾಲಿಸುವ ಟ್ರ್ಯಾಕರ್ ಕೂಡ ಅದರಲ್ಲಿದೆ.

ಎದುರು ವಾದವನ್ನು ತಳ್ಳಿಹಾಕಲಾಗದು. ಯುದ್ಧವಿಮಾನಗಳ ಸಿಮ್ಯುಲೇಟರ್ ಡಿಸಿಎಸ್ ವರ್ಲ್ಡ್‌ನ ಡಾಗ್‌ಫೈಟ್‌ನಲ್ಲಿ ಎದುರಾಳಿ ಕಣ್ತಪ್ಪಿದರೆ ಕಾಳಗ ಮುಗಿದಂತೆಯೇ. ಸೆಕೆಂಡಿಗೆ 30 ಫ್ರೇಮ್‌ನ ವೆಬ್‌ಕ್ಯಾಮ್‌ನಲ್ಲಿ ಎರಡು ಫ್ರೇಮ್‌ಗಳ ನಡುವೆ 33 ಮಿಲಿಸೆಕೆಂಡ್ ಅಂತರ. 120ರಲ್ಲಿ ಅದು 8 ಚಿಲ್ಲರೆ. ಮಂದ ಬೆಳಕಿನ ಕೋಣೆಯಲ್ಲಿ ಎಷ್ಟೋ ವೆಬ್‌ಕ್ಯಾಮ್‌ಗಳು ಎಕ್ಸ್‌ಪೋಷರ್ ಹೆಚ್ಚಿಸಿ ಫ್ರೇಮ್ ದರವನ್ನು ಇನ್ನೂ ಇಳಿಸುತ್ತವೆ. ಆಗ ಟ್ರ್ಯಾಕ್‌ಐಆರ್ ಕ್ಯಾಮೆರಾ ಹಿಂಬಾಲಿಸುವ, ಹೆಡ್‌ಸೆಟ್‌ಗೆ ಸಿಕ್ಕಿಸುವ ಮೂರು ಇನ್‌ಫ್ರಾರೆಡ್ ಎಲ್‌ಇಡಿಗಳ ಕ್ಲಿಪ್ ಸ್ಪಷ್ಟವಾಗಿ ಮೇಲು.

ಆದರೂ ಈ ವಾದ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ನಡುಕ ತಡೆಯಲು ಸ್ಮೂದಿಂಗ್ ಅತಿಯಾಗಿ ಏರಿಸಿದರೆ 120 ಫ್ರೇಮ್‌ನ ಕ್ಯಾಮೆರಾದಲ್ಲೂ ನೋಟ ತಲೆಗಿಂತ ಹಿಂದೆ ಬೀಳುತ್ತದೆ. ದುಡ್ಡು ಕೊಟ್ಟು ಕೊಂಡ ವೇಗವನ್ನು ಸೆಟ್ಟಿಂಗ್ ನುಂಗಿಹಾಕುತ್ತದೆ. ಬೆನ್ನ ಹಿಂದಿನ ಕಿಟಕಿಯಿಂದ ಬಿಸಿಲು ಬಿದ್ದರೆ ಇನ್‌ಫ್ರಾರೆಡ್ ಕ್ಯಾಮೆರಾವೂ ಗೊಂದಲಕ್ಕೆ ಬೀಳುತ್ತದೆ. ಟ್ರ್ಯಾಕ್‌ಐಆರ್ ಸಾಫ್ಟ್‌ವೇರ್‌ನಲ್ಲೂ ಕರ್ವ್ ಇದೆ, ಅದನ್ನು ತಿದ್ದಿಕೊಳ್ಳುವ ಕೆಲಸ ಅಲ್ಲೂ ತಪ್ಪುವುದಿಲ್ಲ.

ಹಾಗಾಗಿ ಕೊಳ್ಳುವ ಕ್ರಮವನ್ನೇ ತಿರುವುಮುರುವು ಮಾಡಬೇಕು. ಮೊದಲು ಇರುವ ವೆಬ್‌ಕ್ಯಾಮ್‌ನಲ್ಲಿ ಕರ್ವ್ ಹದಗೊಳಿಸಿ, ನೀವು ಹಾರಿಸುವ ವಿಮಾನದಲ್ಲಿ ಯಾವ ಕೊರತೆ ಕಾಡುತ್ತದೆ ನೋಡಿ. ಅದು ನಿಜಕ್ಕೂ ವಿಳಂಬವೇ ಆಗಿದ್ದರೆ ಕೈ ಬಿಚ್ಚಿ ಖರ್ಚು ಮಾಡಿ. ಯಾವ ಕರ್ವ್, ಎಷ್ಟು ಸ್ಮೂದಿಂಗ್ ಎಂದು ಹೇಳದೆ ಉಪಕರಣಕ್ಕೆ ಅಂಕ ಕೊಡುವ ವಿಮರ್ಶೆ ಯಾರದೇ ಆಗಿರಲಿ, ನಾನು ಅದನ್ನು ನಂಬುವುದಿಲ್ಲ.